ಪಾಲ್ವಂಕರ್ ಬಾಲೂ: ಮಣ್ಣಿನ ಕುಡಿಕೆಯಿಂದ ಪುಣೆ ಒಪ್ಪಂದದವರೆಗೆ

1932ನೇ ಇಸವಿ ಸೆಪ್ಟೆಂಬರ್ ತಿಂಗಳ 24ನೇ ತಾರೀಕು. ಯರವಡಾ ಜೈಲಿನಲ್ಲಿ ಮಹಾತ್ಮಾ ಗಾಂಧಿಯವರ ಉಪವಾಸದ ಐದನೆಯ ದಿನ. ಅಂದು ಪುಣೆಯಲ್ಲಿ ಒಂದು ಒಪ್ಪಂದಕ್ಕೆ ಸಹಿಗಳು ಬಿದ್ದವು. ಪುಣೆ ಒಪ್ಪಂದವೆಂದು ಇತಿಹಾಸದಲ್ಲಿ ಹೆಸರಾದ ಆ ಕಾಗದದಲ್ಲಿ ಡಾ. ಅಂಬೇಡ್ಕರ್, ಮದನ ಮೋಹನ ಮಾಲವೀಯ ಮುಂತಾದವರ ಹೆಸರುಗಳಿವೆ. ದಕ್ಷಿಣದಿಂದ ಹೋಗಿ ಸಂಧಾನದಲ್ಲಿ ಮುಖ್ಯ ಪಾತ್ರ ವಹಿಸಿದವರು ಚಕ್ರವರ್ತಿ ರಾಜಗೋಪಾಲಾಚಾರ್ಯರು. ಸಹಿಯಾದ ಬಳಿಕ ರಾಜಾಜಿಯವರೂ ಅಂಬೇಡ್ಕರರೂ ತಮ್ಮ ಪೆನ್ನುಗಳನ್ನು ಪರಸ್ಪರ ಬದಲಾಯಿಸಿಕೊಂಡರಂತೆ.

ರಾಜಾಜಿಯವರು ನಮಗೆ ಅಪರಿಚಿತರಲ್ಲ. ಅವರು ಹುಟ್ಟಿದ್ದು ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ. ಇಂದು ಅದು ಕೃಷ್ಣಗಿರಿ ಜಿಲ್ಲೆ, ಅದಕ್ಕೆ ಮುಂಚೆ ಧರ್ಮಪುರಿ, ಇನ್ನೂ ಮುಂಚೆ ಸೇಲಂ. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂದು ಬದುಕುವ ಎಷ್ಟೋ ಕುಟುಂಬಗಳಿರುವ ಸೀಮೆ ಅದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲಿ ಮಾಡಿ, 1917ರಲ್ಲಿ ಅಲ್ಲಿನ ಪುರಸಭೆಯ ಅಧ್ಯಕ್ಷರಾದವರು ಅವರು. ಅಂಥವರ ಹೆಸರು ಆ ಕಾಗದದೊಂದಿಗೆ ಸೇರಿರುವುದರಲ್ಲಿ ಆಶ್ಚರ್ಯವಿಲ್ಲ.

ಆಶ್ಚರ್ಯವಿರುವುದು ಇನ್ನೊಂದು ಹೆಸರಿನಲ್ಲಿ: ಪಿ. ಬಾಲೂ. ಇವರು ವಕೀಲರಲ್ಲ, ಪಂಡಿತರಲ್ಲ, ಜಮೀನುದಾರರೂ ಅಲ್ಲ. ಇವರು ಕ್ರಿಕೆಟ್ ಆಟಗಾರರು. ಎಡಗೈಯಿಂದ ಚೆಂಡು ತಿರುಗಿಸುತ್ತಿದ್ದವರು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಚೆಂಡೆಸೆಯುವ ಕೈಗೆ ದೇಶದ ಭವಿಷ್ಯ ಬರೆಯುವ ಕಾಗದದ ಬಳಿ ಏನು ಕೆಲಸ ಎಂದು ಕೇಳಿದರೆ, ಅದಕ್ಕೆ ಉತ್ತರ ಅವರ ಇಡೀ ಜೀವನವೇ.

ಮೂರು ರೂಪಾಯಿ ಸಂಬಳ

ಕ್ರಿಕೆಟ್ ದಾಖಲೆಗಳ ಪ್ರಕಾರ ಬಾಲೂ ಅವರು ಜನಿಸಿದ್ದು 1876ರಲ್ಲಿ. ಧಾರವಾಡ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮನೆತನದ ಮೂಲ ಕೊಂಕಣದ ಪಾಲ್ವಣ ಎಂಬ ಹಳ್ಳಿ. ಪಾಲ್ವಂಕರ್ ಎಂಬ ಅಡ್ಡಹೆಸರು ಅಲ್ಲಿಂದ ಬಂದದ್ದು. ಮನೆಮಾತು ಮರಾಠಿ. ಜಾತಿಯಿಂದ ಚಮ್ಮಾರರು. ಅಂದರೆ ಆ ಕಾಲದ ಸಮಾಜ ಮುಟ್ಟಬಾರದವರೆಂದು ದೂರವಿಟ್ಟಿದ್ದ ಜನ.

ತಂದೆಗೆ ಸೈನ್ಯದ ಆಶ್ರಯದಲ್ಲಿ ಕೆಲಸವಿತ್ತು. ಬ್ರಿಟಿಷರ ದಂಡಿನ ಊರುಗಳಲ್ಲಿ ಕೆಳಜಾತಿಯವರಿಗೆ ಹೊಟ್ಟೆಪಾಡಿಗೆ ದಾರಿ ಸಿಗುತ್ತಿದ್ದ ಕಾಲ ಅದು. ಕುಟುಂಬ ಪುಣೆಗೆ ಬಂದು ನೆಲೆಸಿತು. ಅಲ್ಲಿ ಬಿಳಿಯ ಅಧಿಕಾರಿಗಳು ಆಡಿ ಬಿಸುಟ ಬ್ಯಾಟು, ಚೆಂಡುಗಳೇ ಬಾಲೂ ಮತ್ತು ಅವರ ತಮ್ಮ ಶಿವರಾಮರಿಗೆ ಮೊದಲ ಪಾಠಶಾಲೆ. ಶಾಲೆಯ ಓದು ಬಹಳ ದೂರ ಸಾಗಲಿಲ್ಲ. ಮನೆಗೆ ಸಂಪಾದನೆ ಬೇಕಿತ್ತು.

ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬಿನಲ್ಲಿ ಹುಡುಗನಿಗೆ ಕೆಲಸ ಸಿಕ್ಕಿತು. ಮೈದಾನ ಗುಡಿಸುವುದು, ಪಿಚ್ಚಿನ ಮೇಲೆ ರೋಲರ್ ಎಳೆಯುವುದು. ತಿಂಗಳಿಗೆ ಮೂರು ರೂಪಾಯಿ. ಅಭ್ಯಾಸಕ್ಕೆ ಬಂದ ಸದಸ್ಯರಿಗೆ ಆಗೊಮ್ಮೆ ಈಗೊಮ್ಮೆ ನಾಲ್ಕು ಚೆಂಡು ಎಸೆಯುವ ಅವಕಾಶವೂ ಸಿಗುತ್ತಿತ್ತು. 1892ರ ಸುಮಾರಿಗೆ ಯುರೋಪಿಯನರ ಪೂನಾ ಕ್ಲಬ್ಬಿಗೆ ಹೋದಾಗ ಸಂಬಳ ನಾಲ್ಕು ರೂಪಾಯಿಯಾಯಿತು. ಕೆಲಸ ಮಾತ್ರ ಹೆಚ್ಚಿತು: ಬಲೆ ಕಟ್ಟಬೇಕು, ಪಿಚ್ಚಿಗೆ ಸುಣ್ಣದ ಗೆರೆ ಎಳೆಯಬೇಕು, ಟೆನಿಸ್ ಅಂಗಣವನ್ನೂ ನೋಡಿಕೊಳ್ಳಬೇಕು.

ಅಲ್ಲಿಯೇ ಅವರ ಬಾಳು ತಿರುಗಿದ್ದು. ಕ್ಲಬ್ಬಿನ ಒಬ್ಬ ಸದಸ್ಯರು ಬಾಲೂಗೆ ಬಲೆಯಲ್ಲಿ ಚೆಂಡು ಎಸೆಯಲು ಹೇಳಿದರು. ಎಸೆದದ್ದನ್ನು ಕಂಡ ಮೇಲೆ ಉಳಿದವರೂ ಕರೆಯತೊಡಗಿದರು. ಬಾರ್ಟನ್ ಎಂಬ ಒಬ್ಬ ಎಡಗೈ ಬೌಲರ್ ಕ್ಯಾಪ್ಟನ್ನರ ನಯವಾದ ಕೈಬೀಸನ್ನು ನೋಡಿ ನೋಡಿ ಬಾಲೂ ತಮ್ಮ ಶೈಲಿಯನ್ನು ರೂಪಿಸಿಕೊಂಡರು. ಹೇಳಿಕೊಡಲು ಗುರುಗಳಿರಲಿಲ್ಲ. ಕಣ್ಣೇ ಗುರು.

ಕ್ಯಾಪ್ಟನ್ ಗ್ರೀಗ್ ಎಂಬುವರು ಆಗ ಭಾರತದಲ್ಲಿದ್ದ ಇಂಗ್ಲಿಷ್ ಬ್ಯಾಟುಗಾರರಲ್ಲಿ ಅಗ್ರಗಣ್ಯರು. ಜಾನ್ ಗ್ಲೆನ್ನಿ ಎಂಬ ಹೆಸರು ಜನರ ಬಾಯಲ್ಲಿ ಜಂಗ್ಲಿ ಗ್ರೀಗ್ ಎಂದಾಗಿತ್ತು. ಇವರು ಉಳಿದವರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಲೂ ಎದುರು ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಕಥೆಯೂ ಉಂಟು. ಅದು ನಿಜವಾದರೆ, ವಾರದಲ್ಲಿ ಎರಡು ಸಲ ಔಟ್ ಮಾಡಿದರೂ ತಿಂಗಳಿಗೆ ನಾಲ್ಕು ರೂಪಾಯಿ. ಸಂಬಳದಷ್ಟೇ ಮೇಲ್ಸಂಪಾದನೆ ಎಂದು ಓದುಗರೇ ಲೆಕ್ಕ ಹಾಕಬಹುದು.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಪೂನಾ ಕ್ಲಬ್ಬಿನ ಆ ವರ್ಷಗಳಲ್ಲಿ ಬಾಲೂ ಸಾವಿರಗಟ್ಟಲೆ ಚೆಂಡು ಎಸೆದರು. ಆದರೆ ಬ್ಯಾಟು ಹಿಡಿಯುವ ಅವಕಾಶವನ್ನು ಅವರಿಗೆ ಯಾರೂ ಕೊಡಲಿಲ್ಲ. ಬ್ಯಾಟು ಹಿಡಿಯುವುದು ದೊರೆಗಳ ಕೆಲಸ, ಚೆಂಡು ಎಸೆಯುವುದು ಆಳಿನ ಕೆಲಸ ಎಂಬ ಭಾವನೆ ಆ ಕಾಲದ್ದು. ಹೀಗೆ ಒಬ್ಬ ತರುಣನ ಹದಿನಾರರಿಂದ ಇಪ್ಪತ್ತರವರೆಗಿನ ಹುರುಪು ಯಾವ ಪುಸ್ತಕದಲ್ಲಿಯೂ ದಾಖಲಾಗದೆ ಬಲೆಯೊಳಗೇ ಕರಗಿತು. ಹಾಗೆಂದು ಅದು ವ್ಯರ್ಥವೂ ಆಗಲಿಲ್ಲ. ದಿನದಿನವೂ ಒಳ್ಳೆಯ ಬ್ಯಾಟುಗಾರರಿಗೆ ಎಸೆದು ಎಸೆದು ಆ ಕೈ ಪಳಗಿತು.

ಮೈದಾನದ ಒಳಗೆ, ಚಾವಡಿಯ ಹೊರಗೆ

ಪುಣೆಯ ಹಿಂದೂಗಳೂ ಆ ಹೊತ್ತಿಗೆ ಕ್ರಿಕೆಟ್ ಕಲಿತಿದ್ದರು. ಯುರೋಪಿಯನರನ್ನು ಸೋಲಿಸಬೇಕೆಂಬ ಹಂಬಲ ಅವರಿಗೆ. ಅದಕ್ಕೆ ಬೇಕಾದ ಬೌಲರ್ ಕಣ್ಣೆದುರೇ ಇದ್ದ. ಆದರೆ ಅವನನ್ನು ಸೇರಿಸಿಕೊಂಡರೆ ಅವನು ಮುಟ್ಟಿದ ಚೆಂಡನ್ನು ತಾವೂ ಮುಟ್ಟಬೇಕು. ಕ್ಲಬ್ಬಿನಲ್ಲಿ ವಾದವಾಯಿತು. ತೆಲುಗು ಸದಸ್ಯರು ಬೇಕೆಂದರು. ಪುಣೆಯ ಬ್ರಾಹ್ಮಣ ಸದಸ್ಯರಲ್ಲಿ ಕೆಲವರು ಬೇಡವೆಂದರು. ಇಂಥ ಬೌಲರನನ್ನು ಬಿಟ್ಟರೆ ಹಿಂದೂಗಳು ಮೂರ್ಖರಾಗುತ್ತಾರೆ ಎಂಬ ಅರ್ಥದ ಗ್ರೀಗ್ ಸಾಹೇಬರ ಮಾತೂ ಹೊರಬಿತ್ತು. ಕೊನೆಗೆ ಗೆಲ್ಲುವ ಆಸೆಯೇ ಗೆದ್ದಿತು. ಬಾಲೂ ತಂಡಕ್ಕೆ ಬಂದರು.

ಬಂದದ್ದು ಮೈದಾನಕ್ಕೆ ಮಾತ್ರ. ಆಟದ ನಡುವೆ ಚಹಾದ ಹೊತ್ತಾದಾಗ ಉಳಿದ ಆಟಗಾರರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿಯುತ್ತಿದ್ದರು. ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಮುಖ ತೊಳೆಯಬೇಕೆಂದರೆ ಅವರದೇ ಜಾತಿಯ ಆಳೊಬ್ಬ ಮೈದಾನದ ಮೂಲೆಗೆ ನೀರು ಒಯ್ದು ಹೊಯ್ಯಬೇಕು. ಊಟಕ್ಕೆ ಬೇರೆ ಎಲೆ, ಬೇರೆ ಜಾಗ. ಅದೇ ತಂಡಕ್ಕೆ ವಿಕೆಟ್ಟುಗಳನ್ನು ಉರುಳಿಸಿಕೊಟ್ಟವರು ಅವರೇ.

ಸಾತಾರಾದ ಒಂದು ಪಂದ್ಯದ ಕಥೆಯನ್ನು ಹೇಳಬೇಕು. ಅಲ್ಲಿನ ಯುರೋಪಿಯನರು ಬಾಲೂ ಅವರ ಚೆಂಡು ತಿರುಗಬಾರದೆಂದು ವಾರಗಟ್ಟಲೆ ಪಿಚ್ಚಿನ ಮೇಲೆ ರೋಲರ್ ಹಾಯಿಸಿ ಗಟ್ಟಿ ಮಾಡಿದ್ದರು. ರೋಲರ್ ಎಳೆದೇ ಬೆಳೆದ ಹುಡುಗನಿಗೆ ಆ ನೆಲದ ಗುಟ್ಟು ತಿಳಿಯದೆ ಇರುತ್ತದೆಯೆ? ಏಳು ವಿಕೆಟ್ಟುಗಳು ಅವರ ಪಾಲಾದವು, ಹಿಂದೂಗಳು ಗೆದ್ದರು. ಪುಣೆಯಲ್ಲಿ ಮೆರವಣಿಗೆಯಾಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಸಾರ್ವಜನಿಕ ಸಭೆಯಲ್ಲಿ ಬಾಲೂ ಅವರಿಗೆ ಹಾರ ಹಾಕಿ ಗೌರವಿಸಿದರು. ಜೊತೆಯಲ್ಲಿ ಆಡುವವರು ಜೊತೆಯಲ್ಲಿ ಉಣ್ಣುವುದಕ್ಕೇಕೆ ಹಿಂಜರಿಯಬೇಕೆಂಬ ಪ್ರಶ್ನೆ ಪುಣೆಯಂಥ ಊರಿನಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಈ ಆಟದಿಂದ.

ಇದೇ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನೂ ನೆನೆಯಬಹುದು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು, ತಮ್ಮವರಿಂದಲೇ ಬಹಿಷ್ಕಾರ ಅನುಭವಿಸುತ್ತಿದ್ದ ದಿನಗಳವು. ಮಂಗಳೂರಿನಲ್ಲಿ ಅವರ ದಲಿತೋದ್ಧಾರ ಸಂಸ್ಥೆ ಆರಂಭವಾದದ್ದು 1897ರಲ್ಲಿ. ಒಂದು ಕಡೆ ಶಾಲೆಯ ಬಾಗಿಲು, ಇನ್ನೊಂದು ಕಡೆ ಚಹಾದ ಬಟ್ಟಲು, ಪ್ರಶ್ನೆ ಒಂದೇ.

ಮುಂಬಯಿಯ ಗೆಲುವು

1890ರ ದಶಕದ ಕೊನೆಗೆ ಪ್ಲೇಗು ಮಾರಿ ಪುಣೆಗೆ ಬಂತು. ಬಾಲೂ ಮುಂಬಯಿಗೆ ಹೋದರು. ಮೊದಲು ಸೈನ್ಯದ ತುಕಡಿಯಲ್ಲಿ, ಬಳಿಕ ರೈಲ್ವೆ ಕಂಪೆನಿಯಲ್ಲಿ ಕೆಲಸ. ಎರಡೂ ಕಡೆ ಕೆಲಸ ಕೊಡಿಸಿದ್ದು ಅವರ ಕ್ರಿಕೆಟ್ಟೇ. ಇಂದಿನ ಹಾಗೆ ಲಕ್ಷಗಟ್ಟಲೆ ಒಪ್ಪಂದಗಳಿಲ್ಲದ ಕಾಲದಲ್ಲಿ ಆಟದಿಂದ ಅನ್ನ ತಿನ್ನುವ ದಾರಿ ಇದೊಂದೇ ಆಗಿತ್ತು. ಮುಂಬಯಿಯ ಹಿಂದೂ ಜಿಮಖಾನೆಯಲ್ಲಿಯೂ ಮೊದಲು ಆಕ್ಷೇಪ ಎದ್ದಿತು. ಅದನ್ನು ಬದಿಗಿರಿಸಿ ಅವರನ್ನು ಸೇರಿಸಿಕೊಂಡರು.

1906ರ ಫೆಬ್ರವರಿಯಲ್ಲಿ ಹಿಂದೂ ತಂಡಕ್ಕೂ ಯುರೋಪಿಯನರ ತಂಡಕ್ಕೂ ಮುಂಬಯಿಯಲ್ಲಿ ಮೊದಲ ದೊಡ್ಡ ಪಂದ್ಯ ನಡೆಯಿತು. ಬಾಲೂ, ಶಿವರಾಮ್ ಇಬ್ಬರೂ ತಂಡದಲ್ಲಿದ್ದರು. ಹಿಂದೂಗಳು 242 ಮತ್ತು 160 ಓಟ ಗಳಿಸಿದರು. ಯುರೋಪಿಯನರು 191 ಮತ್ತು 102ಕ್ಕೆ ಮುಗಿದರು. 109 ಓಟಗಳ ಗೆಲುವು. ಎದುರಾಳಿಗಳ ಬೆನ್ನು ಮುರಿದವರಲ್ಲಿ ಬಾಲೂ ಪ್ರಮುಖರು. ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ಕಾವೇರಿದ್ದ ಸಮಯ ಅದು. ಜಪಾನು ರಷ್ಯವನ್ನು ಸೋಲಿಸಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮೈದಾನದಲ್ಲಿ ಬಿಳಿಯರು ಸೋತದ್ದು ಕೇವಲ ಆಟದ ಸುದ್ದಿಯಾಗಿ ಉಳಿಯಲಿಲ್ಲ.

ಇನ್ನೊಂದು ಗೆಲುವನ್ನು ಅಂಕೆಗಳಲ್ಲಿ ಹೇಳಲಾಗದು. ಮುಂಬಯಿಯಲ್ಲಿ ಈ ಇಬ್ಬರು ಸೋದರರು ಉಳಿದ ಹಿಂದೂ ಆಟಗಾರರೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಪುಣೆಯಲ್ಲಿ ಚಹಾ ಕೂಡ ಹೊರಗೇ ಕೊಡುತ್ತಿದ್ದವರು ಇಲ್ಲಿ ಅನ್ನವನ್ನು ಹಂಚಿಕೊಂಡರು. ಸುಧಾರಣೆಯ ಪರವಾಗಿದ್ದ ಪತ್ರಿಕೆಗಳು ಇದನ್ನು ಗುರುತಿಸಿ ಬರೆದವು. ಸಭೆ, ಭಾಷಣಗಳಿಂದ ಆಗದ್ದನ್ನು ಒಂದು ಆಟ ಮಾಡಿತೆಂದು ಮೆಚ್ಚಿಕೊಂಡವು.

ವಿಲಾಯತಿಯಲ್ಲಿ 114 ವಿಕೆಟ್

1911ರಲ್ಲಿ ಅಖಿಲ ಭಾರತ ತಂಡ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೊರಟಿತು. ಪಾರ್ಸಿ, ಹಿಂದೂ, ಮುಸಲ್ಮಾನ, ಸಿಖ್ಖರು ಕೂಡಿದ ತಂಡ. ನಾಯಕರು ಪಟಿಯಾಲಾದ ತರುಣ ಮಹಾರಾಜ ಭೂಪಿಂದರ್ ಸಿಂಗ್. ಕನ್ನಡ ನಾಡಿನಿಂದ ಬೆಂಗಳೂರು ಜಯರಾಮ್ ಇದ್ದರು. ಪಾಲ್ವಂಕರ್ ಸೋದರರು ಇಬ್ಬರು. ಬಾಲೂಗೆ ಆಗ 35 ವರ್ಷ. ಬೌಲರನಿಗೆ ಅದು ಇಳಿಯುವ ವಯಸ್ಸು.

ಇಂಗ್ಲೆಂಡಿನಲ್ಲಿ ಅದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಬೇಸಗೆ. ಮಹಾರಾಜರಿಗೆ ಔತಣ, ಭೇಟಿಗಳೇ ಹೆಚ್ಚಾಗಿ ತಂಡ ನಾಯಕನಿಲ್ಲದೆ ಆಡಬೇಕಾಯಿತು. ಒಟ್ಟು 23 ಪಂದ್ಯಗಳಲ್ಲಿ ಗೆದ್ದದ್ದು ಆರು, ಸೋತದ್ದು ಹದಿನೈದು. ತಂಡದ ಲೆಕ್ಕದಲ್ಲಿ ಇದು ಹೆಮ್ಮೆಯ ಪ್ರವಾಸವಲ್ಲ. ಆದರೆ ಬಾಲೂ ಒಬ್ಬರೇ 114 ವಿಕೆಟ್ ಉರುಳಿಸಿದರು. ವಿಕೆಟ್ಟಿಗೆ ಸರಾಸರಿ 19 ಓಟಕ್ಕಿಂತ ಕಡಿಮೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಇನ್ನಿಂಗ್ಸಿನಲ್ಲಿ 103 ಓಟಕ್ಕೆ 8 ವಿಕೆಟ್. ಲೆಸ್ಟರ್‌ಶೈರ್ ಎದುರಿನ ಗೆಲುವಿನಲ್ಲಿ ಒಟ್ಟು 11. ಸಾಮರ್‌ಸೆಟ್ ಎದುರು ಒಂದೇ ವಿಕೆಟ್ಟಿನಿಂದ ಪಂದ್ಯ ಗೆದ್ದಾಗ ಶತಕ ಹೊಡೆದವರು ತಮ್ಮ ಶಿವರಾಮ್.

ಅವರ ಬೌಲಿಂಗಿನ ಬಲ ಯಾವುದು? ವೇಗವಲ್ಲ. ಒಂದೇ ರೀತಿಯ ಓಟ, ಒಂದೇ ರೀತಿಯ ಕೈಬೀಸು. ಆದರೆ ಒಂದು ಚೆಂಡು ಬಲಗೈ ಬ್ಯಾಟುಗಾರನಿಂದ ಹೊರಕ್ಕೆ ತಿರುಗುವುದು, ಇನ್ನೊಂದು ತಿರುಗದೆ ನೇರ ಒಳಕ್ಕೆ ನುಗ್ಗುವುದು. ಒಂದು ಸ್ವಲ್ಪ ನಿಧಾನ, ಮತ್ತೊಂದು ಚುರುಕು. ಬ್ಯಾಟುಗಾರನಿಗೆ ಭೇದ ತಿಳಿಯುವಷ್ಟರಲ್ಲಿ ಚೆಂಡು ಕಡ್ಡಿಗೆ ತಾಗಿರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಬೇಸರವಿಲ್ಲದೆ ಒಂದೇ ಜಾಗಕ್ಕೆ ಚೆಂಡು ಬೀಳಿಸುವ ಸಾಮರ್ಥ್ಯವನ್ನು ಅವರಿಗೆ ಕೊಟ್ಟದ್ದು ಪೂನಾ ಕ್ಲಬ್ಬಿನ ಆ ದುಡಿಮೆಯ ವರ್ಷಗಳೇ.

ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಅವರ ಹೆಸರಿನಲ್ಲಿರುವುದು 33 ಪಂದ್ಯ, 179 ವಿಕೆಟ್, ಸರಾಸರಿ 15.21. ಇವೆಲ್ಲ ಅವರಿಗೆ ಮೂವತ್ತರ ಸುಮಾರಾದ ಮೇಲಿನ ಲೆಕ್ಕ ಎಂಬುದನ್ನು ಮರೆಯಬಾರದು. ಇಪ್ಪತ್ತರ ಹರೆಯದಲ್ಲಿ ಅವರು ಉರುಳಿಸಿದ ಕಡ್ಡಿಗಳನ್ನು ಎಣಿಸಿ ಇಟ್ಟವರಿಲ್ಲ.

ತಂಡ ಹಿಂದಿರುಗಿದಾಗ ಮುಂಬಯಿಯ ದಲಿತ ಸಮುದಾಯದವರು ಬಾಲೂ ಅವರಿಗೆ ಸನ್ಮಾನ ಏರ್ಪಡಿಸಿದರು. ಆ ಸಂದರ್ಭದ ಮಾನಪತ್ರವನ್ನು ಸಿದ್ಧಪಡಿಸಿದವನು ಕಾಲೇಜಿನಲ್ಲಿ ಓದುತ್ತಿದ್ದ ಭೀಮರಾವ್ ಅಂಬೇಡ್ಕರ್ ಎಂಬ ಯುವಕನೆಂದು ಚರಿತ್ರೆಕಾರರು ಹೇಳುತ್ತಾರೆ. ಅಂಬೇಡ್ಕರರಿಗೆ ಆಗ ಇಪ್ಪತ್ತು ವರ್ಷ. ತಮ್ಮವರಲ್ಲಿಯೂ ಒಬ್ಬ ಎಲ್ಲರಿಗಿಂತ ಮೇಲಾಗಬಲ್ಲ ಎಂಬುದಕ್ಕೆ ಬಾಲೂ ಅವರಿಗಿಂತ ದೊಡ್ಡ ಸಾಕ್ಷಿ ಆ ತಲೆಮಾರಿನ ತರುಣರಿಗೆ ಇರಲಿಲ್ಲ.

ಸಿಗದ ನಾಯಕತ್ವ

ಇಷ್ಟಾದರೂ ಒಂದು ಬಾಗಿಲು ಮುಚ್ಚಿಯೇ ಇತ್ತು. ಹಿಂದೂ ತಂಡಕ್ಕೆ ನಾಯಕನನ್ನು ಆರಿಸುವಾಗ ಬಾಲೂ ಅವರ ಹೆಸರು ಪ್ರತಿವರ್ಷ ಬದಿಗೆ ಸರಿಯುತ್ತಿತ್ತು. ತಂಡದಲ್ಲಿ ಅವರಿಗಿಂತ ಹಿರಿಯರಿಲ್ಲ, ಸಾಧಕರೂ ಇಲ್ಲ. ಆದರೆ ನಾಯಕನೆಂದರೆ ಆಜ್ಞೆ ಮಾಡುವವನು. ಅವನು ಹೇಳಿದಲ್ಲಿ ಬ್ರಾಹ್ಮಣನೂ ಹೋಗಿ ನಿಲ್ಲಬೇಕು. ಜೊತೆಯಲ್ಲಿ ಉಣ್ಣಲು ಒಪ್ಪಿದವರಿಗೂ ಇದನ್ನು ಒಪ್ಪುವುದು ಕಷ್ಟವಾಯಿತು.

1913ರಲ್ಲಿ ನಾಯಕರಾದ ಎಂ.ಡಿ. ಪೈಯವರು ತಮಗೆ ನಡೆದ ಸನ್ಮಾನದಲ್ಲಿಯೇ, ಈ ಗೌರವ ಹಿರಿಯರಾದ ಬಾಲೂ ಅವರಿಗೆ ಸಲ್ಲಬೇಕಾಗಿತ್ತು ಎಂಬರ್ಥದ ಮಾತನಾಡಿದರು. ಅದು ಪೈಯವರ ದೊಡ್ಡತನ. ಆದರೆ ಆಯ್ಕೆ ಮಾಡುವವರ ಕಿವಿಗೆ ಅದು ಬೀಳಲಿಲ್ಲ.

1920ರಲ್ಲಿ ವಿಷಯ ಬೀದಿಗೆ ಬಂತು. ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ನಾಯಕ ಪೈಯವರು ಆರೋಗ್ಯ ಸರಿಯಿಲ್ಲದೆ ಮೊದಲ ಪಂದ್ಯಕ್ಕೆ ಬರಲಾಗದಿದ್ದಾಗ ಶಿವರಾಮ್ ಅಥವಾ ಇನ್ನೊಬ್ಬ ತಮ್ಮ ವಿಠ್ಠಲ್ ನಾಯಕರಾಗುವರೆಂದು ಜನ ತಿಳಿದಿದ್ದರು. ಆಯ್ಕೆಯಾದದ್ದು ಅವರಿಗಿಂತ ಕಿರಿಯರಾದ ಡಿ.ಬಿ. ದೇವಧರ್. ದೇವಧರರು ಒಳ್ಳೆಯ ಆಟಗಾರರೇ; ಮುಂದೆ ಅವರ ಹೆಸರಿನ ಟ್ರೋಫಿಯೇ ಬಂತು. ಆದರೆ ಇಲ್ಲಿ ಪ್ರಶ್ನೆ ಅವರ ಯೋಗ್ಯತೆಯದ್ದಲ್ಲ. ಶಿವರಾಮ್, ವಿಠ್ಠಲ್ ಇಬ್ಬರೂ ತಂಡದಿಂದ ಹೊರಬಂದು, ಜಾತಿಯ ಕಾರಣದಿಂದ ತಮ್ಮನ್ನು ಕಡೆಗಣಿಸುವುದನ್ನು ಸಹಿಸಲಾರೆವೆಂದು ಬಹಿರಂಗವಾಗಿ ತಿಳಿಸಿದರು.

ಸಾರ್ವಜನಿಕರ ಸಹಾನುಭೂತಿ ಸೋದರರ ಕಡೆಗೆ ತಿರುಗಿತು. ಗಾಂಧೀಜಿಯವರು ಅಸ್ಪೃಶ್ಯತೆಯ ವಿರುದ್ಧ ಮಾತನಾಡುತ್ತಿದ್ದ ವರ್ಷ ಅದು. ಆಯ್ಕೆಗಾರರು ಮಣಿಯಬೇಕಾಯಿತು. ಮುಂದಿನ ಪಂದ್ಯಕ್ಕೆ ಪೈಯವರು ನಾಯಕರಾಗಿ ಬಂದರು, ತಮ್ಮಂದಿರು ಮರಳಿದರು, ಬಾಲೂ ಉಪನಾಯಕರಾದರು. ಆಟದ ನಡುವೆ ಪೈಯವರು ಸ್ವಲ್ಪ ಹೊತ್ತು ಮೈದಾನದಿಂದ ಹೊರಗೆ ಹೋದರು. ಅಷ್ಟು ಹೊತ್ತು ತಂಡವನ್ನು ನಡೆಸಿದವರು ಬಾಲೂ. ಇಪ್ಪತ್ತೈದು ವರ್ಷಗಳ ದುಡಿಮೆಗೆ ಸಿಕ್ಕಿದ ನಾಯಕತ್ವ ಅಷ್ಟೇ.

ಅಮೆರಿಕದಲ್ಲಿಯೂ ಹೆಚ್ಚು ಕಡಿಮೆ ಇದೇ ಕಥೆ. ಅದೇ 1920ರಲ್ಲಿ ಫ್ರಿಟ್ಜ್ ಪೊಲಾರ್ಡ್ ಎಂಬ ನೀಗ್ರೋ ತರುಣ ಅಲ್ಲಿನ ವೃತ್ತಿಪರ ಫುಟ್ಬಾಲಿನಲ್ಲಿ ಆಕ್ರನ್ ತಂಡದ ಪರವಾಗಿ ಆಡಿ ಅದನ್ನು ಅಗ್ರಸ್ಥಾನಕ್ಕೆ ಏರಿಸಿದ. ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ ಅದು. ಮರುವರ್ಷ ಅದೇ ತಂಡದ ತರಬೇತುದಾರರಲ್ಲಿ ಒಬ್ಬನಾದ. ಆದರೆ 1934ರಿಂದ 1945ರವರೆಗೆ ಆ ಲೀಗಿನಲ್ಲಿ ಒಬ್ಬನೇ ಒಬ್ಬ ಕರಿಯ ಆಟಗಾರನಿಗೂ ಜಾಗವಿರಲಿಲ್ಲ. 1946ರಲ್ಲಿ ಕೆನ್ನಿ ವಾಷಿಂಗ್ಟನ್ ಲಾಸ್ ಏಂಜಲೀಸ್ ತಂಡ ಸೇರಿದ ಮೇಲೆ ಬಾಗಿಲು ಮತ್ತೆ ತೆರೆಯಿತು. ಕೈಯ ಬಲ ಬೇಕು, ಆದರೆ ಆ ಕೈಯವನು ಬೇಡ ಎಂಬ ನ್ಯಾಯ ಒಂದೇ ದೇಶದ್ದಲ್ಲ.

ಅಣ್ಣನಿಗೆ ಸಿಗದದ್ದು ತಮ್ಮನಿಗೆ ಸಿಕ್ಕಿತು. 1923ರಲ್ಲಿ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ಆ ವರ್ಷ ಯುರೋಪಿಯನರನ್ನು ಸೋಲಿಸಿ ಪ್ರಶಸ್ತಿ ಗೆದ್ದಾಗ ಮೇಲ್ಜಾತಿಯ ಅಭಿಮಾನಿಗಳೇ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ವಿಠ್ಠಲ್ ಮುಂದೆ ಮರಾಠಿಯಲ್ಲಿ ತಮ್ಮ ಕ್ರಿಕೆಟ್ ಬದುಕಿನ ಆತ್ಮಕಥೆಯನ್ನು ಬರೆದರು. ಈ ಸೋದರರ ಕಥೆ ಇಂದು ನಮಗೆ ತಿಳಿದಿರುವುದರಲ್ಲಿ ಆ ಪುಸ್ತಕದ ಪಾಲು ದೊಡ್ಡದು.

ಇಬ್ಬರು ದೊಡ್ಡವರು ಎದುರುಬದುರು

ಆಟ ಬಿಟ್ಟ ಬಳಿಕ ಬಾಲೂ ತಮ್ಮ ಜನರ ಮುಖಂಡರಾದರು. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಘೋಷಿಸಿತು. ಗಾಂಧೀಜಿ ಇದನ್ನು ವಿರೋಧಿಸಿ ಉಪವಾಸ ಕುಳಿತರು. ಅಂಬೇಡ್ಕರರು ತಮ್ಮವರ ರಕ್ಷಣೆಗೆ ಅದು ಬೇಕೇ ಬೇಕೆಂದರು. ಮದರಾಸಿನ ಎಂ.ಸಿ. ರಾಜಾ ಮತ್ತು ಬಾಲೂ ಕೂಡು ಮತಕ್ಷೇತ್ರದ ಪಕ್ಷದವರು. ರಾಜಿಯಾಗಲಿ ಎಂದು ಒತ್ತಾಯಿಸಿದವರು. ಕೊನೆಗೆ ಪ್ರತ್ಯೇಕ ಕ್ಷೇತ್ರಗಳ 71 ಸ್ಥಾನಗಳ ಬದಲು ಕೂಡು ಕ್ಷೇತ್ರಗಳಲ್ಲಿ 148 ಮೀಸಲು ಸ್ಥಾನಗಳೆಂದು ತೀರ್ಮಾನವಾಯಿತು. ಆ ಕಾಗದಕ್ಕೇ ಸೇಲಂನ ವಕೀಲರೂ ಧಾರವಾಡದಲ್ಲಿ ಹುಟ್ಟಿದ ಚೆಂಡುಗಾರರೂ ಕೂಡಿದ್ದು.

ಬಾಲೂ ಏಕೆ ಆ ಪಕ್ಷ ಹಿಡಿದರು? ಅವರ ಬದುಕನ್ನು ನೋಡಿದರೆ ಕಾರಣ ಊಹಿಸಬಹುದು. ಅವರ ಕಣ್ಣೆದುರೇ ಮಣ್ಣಿನ ಕುಡಿಕೆ ಹೋಗಿ ಪಂಕ್ತಿಯ ಊಟ ಬಂದಿತ್ತು. ತಾವು ಕೇಳಿಯೂ ಪಡೆಯದ ನಾಯಕತ್ವ ತಮ್ಮನಿಗೆ ಬಂದಿತ್ತು. ತಡವಾಗಿಯಾದರೂ ಮನಸ್ಸುಗಳು ತಿರುಗುತ್ತವೆ ಎಂಬ ನಂಬಿಕೆ ಅವರದ್ದಾಗಿದ್ದರೆ ಸಹಜ. ಅಂಬೇಡ್ಕರರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಇರಬೇಕೆಂದು ಕೇಳುವ ಹಕ್ಕು ಇತರರಿಗೂ ಇರಲಿಲ್ಲ. ಒಂದೇ ನೋವನ್ನು ಉಂಡ ಇಬ್ಬರು ಬೇರೆ ಬೇರೆ ದಾರಿ ಕಂಡರು. ಯಾರು ಸರಿ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

1937ರ ಚುನಾವಣೆಯಲ್ಲಿ ಇವರಿಬ್ಬರೇ ಎದುರಾಳಿಗಳಾಗಬೇಕಾದದ್ದು ವಿಧಿಯ ಆಟ. ಮುಂಬಯಿ ನಗರದ ಮೀಸಲು ಸ್ಥಾನಕ್ಕೆ ಅಂಬೇಡ್ಕರರು ತಮ್ಮ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಂತರು. ಅವರ ಎದುರು ನಿಲ್ಲಿಸಲು ಕಾಂಗ್ರೆಸ್ಸಿಗೆ ಬಾಲೂ ಅವರಿಗಿಂತ ಜನಪ್ರಿಯ ಹೆಸರು ಕಾಣಲಿಲ್ಲ. ಅಂಬೇಡ್ಕರರಿಗೆ 13,245 ಮತಗಳು, ಬಾಲೂ ಅವರಿಗೆ 11,225. ಸೋಲಿನಲ್ಲಿಯೂ ಆ ಮತಗಳು ಚೆಂಡುಗಾರನ ಮೇಲೆ ಜನ ಇಟ್ಟಿದ್ದ ಪ್ರೀತಿಯನ್ನು ತೋರಿಸುತ್ತವೆ.

ಅದೇ ವರ್ಷ ಮದರಾಸಿನಲ್ಲಿ ರಾಜಾಜಿಯವರು ಪ್ರಧಾನಿಯಾದರು. ಕಾಸರಗೋಡು, ಸೇಲಂ ಎರಡೂ ಅಂದು ಅವರ ಆಡಳಿತದಲ್ಲಿದ್ದವು. 1938ರಲ್ಲಿ ಬಾವಿ, ರಸ್ತೆ, ಶಾಲೆಗಳಲ್ಲಿ ಅಸ್ಪೃಶ್ಯರಿಗಿದ್ದ ಅಡ್ಡಿಗಳನ್ನು ತೆಗೆಯುವ ಕಾನೂನು ಬಂತು. ಅದನ್ನು ಮುಂದಿಟ್ಟವರು ಪುಣೆ ಒಪ್ಪಂದದಲ್ಲಿ ಬಾಲೂ ಜೊತೆಗಿದ್ದ ಎಂ.ಸಿ. ರಾಜಾ ಅವರೇ. ಯರವಡಾದಲ್ಲಿ ಬಿದ್ದ ಸಹಿಗಳ ಫಲ ನಮ್ಮ ಹಳ್ಳಿಗಳ ಬಾವಿಕಟ್ಟೆಯವರೆಗೂ ಬಂತೆಂದು ಹೇಳಬಹುದು.

ಕೊನೆಯ ಮಾತು

ಬಾಲೂ ಅವರು 1955ರ ಜುಲೈಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಮರುವರ್ಷ ನವೆಂಬರ್ 1ರಂದು ಅವರು ಹುಟ್ಟಿದ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು; ಕಾಸರಗೋಡು ಕೇರಳಕ್ಕೆ ಹೋಯಿತು; ಹೊಸೂರು ಸೀಮೆ ಮದರಾಸಿನಲ್ಲಿಯೇ ಉಳಿಯಿತು. ಗಡಿಗಳು ಬದಲಾದಾಗ ನೆನಪುಗಳೂ ಹಂಚಿಹೋಗುತ್ತವೆ. ಮರಾಠಿಗರಿಗೆ ಅವರು ಪುಣೆ, ಮುಂಬಯಿಯ ಬಾಲೂ. ಕನ್ನಡಿಗರಲ್ಲಿ ಅವರು ಹುಟ್ಟಿದ್ದು ಇಲ್ಲಿಯೇ ಎಂದು ಬಲ್ಲವರು ಕಡಿಮೆ. 2002ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಅವರ ಪುಸ್ತಕ ಬಂದ ಮೇಲೆಯೇ ದೇಶ ಈ ಸೋದರರನ್ನು ಮತ್ತೆ ನೆನೆದದ್ದು.

ಇನ್ನೊಂದು ತಾರೀಕನ್ನೂ ಇಲ್ಲಿ ಹೇಳಿ ಮುಗಿಸಬಹುದು. ಬಾಲೂ ತೀರಿಕೊಳ್ಳುವುದಕ್ಕೆ ಸುಮಾರು ಒಂದು ತಿಂಗಳು ಮುಂಚೆ, 1955ರ ಜೂನ್ 1ರಂದು, ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ದೇಶದಲ್ಲಿ ಜಾರಿಗೆ ಬಂತು. ಹೋಟೆಲುಗಳಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆ, ಲೋಟಗಳನ್ನು ಜಾತಿಯ ಕಾರಣದಿಂದ ಒಬ್ಬನಿಗೆ ನಿರಾಕರಿಸುವುದು ಅಂದಿನಿಂದ ಶಿಕ್ಷಾರ್ಹ ಅಪರಾಧವಾಯಿತು. ಪುಣೆಯ ಪೆವಿಲಿಯನ್ನಿನ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದ ತರುಣ ಆ ಕಾಯಿದೆ ಬರುವವರೆಗೂ ಬದುಕಿದ್ದರು. ಕಾಯಿದೆಯಾದರೂ ಎರಡು ಬಗೆಯ ಲೋಟಗಳು ಎಷ್ಟೋ ಹಳ್ಳಿಗಳ ಚಹಾದಂಗಡಿಗಳಲ್ಲಿ ಬಹುಕಾಲ ಉಳಿದವು ಎಂಬುದನ್ನು ನಮ್ಮ ಹಿರಿಯರು ಬಲ್ಲರು. ಚೆಂಡಿನ ಆಟ ನೋಡುವ ಮಕ್ಕಳಿಗೆ ವಿಕೆಟ್ಟುಗಳ ಲೆಕ್ಕದೊಂದಿಗೆ ಈ ಲೋಟದ ಕಥೆಯನ್ನೂ ಮನೆಮನೆಗಳಲ್ಲಿ ಹೇಳಬೇಕು.